ಹ್ಯಾಂಡ್‌ಹೆಲ್ಡ್ ಗೇಮ್ ಜಗತ್ತಿನಾದ್ಯಂತ ಎಷ್ಟು ಮಾರಾಟವಾಗುತ್ತೆ ಅಂತ ಅಂದಾಜಿಸೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ದೊಡ್ಡ ಗೇಮ್ ಸರಣಿಯೊಂದರ ಉಪಕಥೆಯಾಗಿ ಹ್ಯಾಂಡ್‌ಹೆಲ್ಡ್‌ಗೆ (ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗೆ) ಬರುವ ಗೇಮ್ ಜಗತ್ತಿನಾದ್ಯಂತ ಎಷ್ಟು ಪ್ರತಿ ಮಾರಾಟವಾಗಬಹುದು ಅಂತ ಮೊದಲೇ ಲೆಕ್ಕ ಹಾಕೋಕೆ ಪ್ರಯತ್ನಿಸುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಸುಲಭ ಅನ್ನಿಸಿತ್ತು. ಎಷ್ಟು ಜನರ ಕೈಯಲ್ಲಿ ಆ ಕನ್ಸೋಲ್ ಇದೆ ನೋಡಿ, ಅದರಲ್ಲಿ ಶೇಕಡಾ ಇಷ್ಟು ಜನ ಕೊಳ್ಳುತ್ತಾರೆ ಅಂದುಕೊಂಡರೆ ಮುಗೀತು ಅಲ್ವಾ? ಆದರೆ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಗೇಮ್ ಸರಣಿ ನೋಡಿ. 2005ರಲ್ಲಿ ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಗೆ ಬಂದ ಅದರ ಲಿಬರ್ಟಿ ಸಿಟಿ ಸ್ಟೋರೀಸ್ ಹತ್ತಾರು ಲಕ್ಷ ಪ್ರತಿ ಮಾರಾಟವಾಯಿತು. ಅದೇ ಸರಣಿಯ ಚೈನಾಟೌನ್ ವಾರ್ಸ್ 2009ರ ಮಾರ್ಚ್‌ನಲ್ಲಿ ನಿಂಟೆಂಡೊ ಕಂಪನಿಯ ಹ್ಯಾಂಡ್‌ಹೆಲ್ಡ್ ಡಿಎಸ್‌ಗೆ ಬಂತು, ಆಗ ಡಿಎಸ್ ಮಾರಾಟ 10 ಕೋಟಿ ಮುಟ್ಟಿತ್ತು, ವಿಮರ್ಶಕರೂ ತುಂಬಾ ಹೊಗಳಿದ್ದರು, ಆದರೂ ಅಮೆರಿಕದಲ್ಲಿ ಮೊದಲ ತಿಂಗಳು 90 ಸಾವಿರ ಕೂಡ ದಾಟಲಿಲ್ಲ. ಅಂದರೆ ಕನ್ಸೋಲ್ ಸಂಖ್ಯೆಗಿಂತ ಅದನ್ನು ಕೊಂಡವರು ಯಾರು ಅನ್ನೋದೇ ಜಾಸ್ತಿ ಮುಖ್ಯ ಅಂತ ನನಗನ್ನಿಸುತ್ತೆ. ಇದನ್ನು ಅಂಕಿಯಾಗಿ ಲೆಕ್ಕಕ್ಕೆ ತರೋದು ಹೇಗೆ?

ಇನ್ನೊಂದು ತೊಡಕು. ಕಂಪನಿಗಳು ಎಷ್ಟೋ ಸಲ ಅಂಗಡಿಗೆ ಕಳಿಸಿದ ಪ್ರತಿಗಳ ಲೆಕ್ಕ ಕೊಡುತ್ತವೆ, ಗ್ರಾಹಕರು ಕೊಂಡದ್ದರ ಲೆಕ್ಕ ಅಲ್ಲ. ಎರಡನ್ನೂ ಸುಮ್ನೆ ಒಂದೇ ಪಟ್ಟಿಯಲ್ಲಿ ಹಾಕಿದರೆ ಅಂದಾಜು ಹಾಳಾಗುತ್ತೆ.

ಜಪಾನ್‌ಗೆ ಬೇರೆ ಲೆಕ್ಕ ಮಾಡಬೇಕಾ? ಮಾನ್‌ಸ್ಟರ್ ಹಂಟರ್ ಗೇಮ್ ಸರಣಿ ಪಿಎಸ್‌ಪಿಯಲ್ಲಿ ಗೆದ್ದದ್ದು ಮುಖ್ಯವಾಗಿ ಅಲ್ಲೇ. ಮೊದಲ ವಾರದ ಮಾರಾಟದಿಂದ ಒಟ್ಟು ಮಾರಾಟ ಅಂದಾಜಿಸಿದವರು ಯಾರಾದರೂ ಇದ್ದರೆ, ಯಾವ ವಿಧಾನ ಬಳಸಿದಿರಿ, ಎಲ್ಲಿ ತಪ್ಪಿತು ಅಂತ ದಯವಿಟ್ಟು ತಿಳಿಸಿ. ನನ್ನ ಲೆಕ್ಕದ ಹಾಳೆಯನ್ನು ಕೇಳಿದವರಿಗೆ ಕಳಿಸುತ್ತೇನೆ.