ಪದಚರ್ಚೆ: ಡೇಟಾಬೇಸ್‌ನ ಅಡ್ಮಿನಿಸ್ಟ್ರೇಟರ್, ಯೂಸರ್, ರೋಲ್ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಓದುವವರಿಗೆ ಡೇಟಾಬೇಸ್ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಡೇಟಾಬೇಸ್, ಟೇಬಲ್, ಪಾಸ್‌ವರ್ಡ್, ಬ್ಯಾಕಪ್ ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ, ಎಲ್ಲರ ಬಾಯಲ್ಲೂ ಇರುವ ಪದಗಳು. ತೊಡಕಿರುವುದು ಅಲ್ಲಿ ಕೆಲಸ ಮಾಡುವ ಜನರನ್ನು ಹೆಸರಿಸುವಲ್ಲಿ. ಯಾರು ಏನನ್ನು ನೋಡಬಹುದು, ಯಾರು ತಿದ್ದಬಹುದು, ಯಾರು ಕಾಯಬೇಕು ಅನ್ನುವುದೇ ಈ ಪಾಠದ ಜೀವಾಳ. ಪದ ಕೆಟ್ಟರೆ ಅದೇ ಕೆಡುತ್ತದೆ.

ಮೊದಲು ಅಡ್ಮಿನಿಸ್ಟ್ರೇಟರ್. ‘ನಿರ್ವಾಹಕ’ ಚಾಲ್ತಿಯಲ್ಲಿದೆ, ಕನ್ನಡ ವಿಕಿಪೀಡಿಯದಲ್ಲೂ ಇದೇ. ಬಸ್ ಕಂಡಕ್ಟರಿಗೂ ಇದೇ ಪದ ಇದೆ, ಅದರಿಂದೇನೂ ಗೊಂದಲವಾಗದು. ಕೆಲವರು ‘ಆಡಳಿತಗಾರ’ ಎಂದು ಬರೆಯುತ್ತಾರೆ. ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಬ್ಯಾಕಪ್ ತೆಗೆಯುವುದು, ಆ ಬ್ಯಾಕಪ್‌ನಿಂದ ಡೇಟಾ ನಿಜಕ್ಕೂ ವಾಪಸ್ ಬರುತ್ತದಾ ಎಂದು ಪರೀಕ್ಷಿಸುವುದು, ನಿಧಾನವಾದ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹುಡುಕುವುದು, ಡಿಸ್ಕ್‌ನಲ್ಲಿ ಜಾಗ ಇದೆಯಾ ನೋಡುವುದು, ಕೆಲಸ ಬಿಟ್ಟುಹೋದವರ ಲಾಗಿನ್ ಮುಚ್ಚುವುದು, ಡಿಬಿಎ (ಡೇಟಾಬೇಸ್ ಅಡ್ಮಿನಿಸ್ಟ್ರೇಟರ್) ದಿನವಿಡೀ ಮಾಡುವುದು ಇಂಥ ಕೆಲಸ. ಇದು ಆಳುವುದಲ್ಲ, ನೋಡಿಕೊಳ್ಳುವುದು. ಡೇಟಾ ಅವರದಲ್ಲವೇ ಅಲ್ಲ.

ಕರ್ನಾಟಕದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ‘ಭೂಮಿ’ ಯೋಜನೆಯನ್ನೇ ತೆಗೆದುಕೊಳ್ಳಿ. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆ ಕಂಪ್ಯೂಟರಿಗೆ ಬಂತು. ಸರ್ವರ್ ನೋಡಿಕೊಳ್ಳುವವರಿಗೆ ತಾಂತ್ರಿಕವಾಗಿ ಯಾವ ಟೇಬಲ್ ಬೇಕಾದರೂ ಮುಟ್ಟಲು ಬರಬಹುದು, ಆದರೆ ಪಹಣಿಯಲ್ಲಿ ಒಬ್ಬರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕುವುದು ಕಂದಾಯ ಇಲಾಖೆಯ ಮ್ಯುಟೇಷನ್ (ಹಕ್ಕು ಬದಲಾವಣೆ) ಮೂಲಕ ಮಾತ್ರ ಆಗಬೇಕು. ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗುವ ವ್ಯವಸ್ಥೆ ಇಟ್ಟಿದ್ದರಿಂದ ಯಾರು ತಿದ್ದಿದರು ಅನ್ನುವುದು ಆಮೇಲೂ ಗೊತ್ತಾಗುತ್ತದೆ. ಹಾಗಾಗಿ ನನ್ನ ಓಟು ‘ನಿರ್ವಾಹಕ’ನಿಗೇ.

ಯೂಸರ್‌ಗೆ ‘ಬಳಕೆದಾರ’ ಚೆನ್ನಾಗಿದೆ. ಆದರೆ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ. ಒಂದು, ಇಂಗ್ಲಿಷ್ ಪಠ್ಯಗಳಲ್ಲಿ ‘ನೈವ್ ಯೂಸರ್’ ಎಂದು ಬರುತ್ತದೆ. ಎಟಿಎಂನಲ್ಲಿ ದುಡ್ಡು ತೆಗೆಯುವವರು, ಟಿಕೆಟ್ ಬುಕ್ ಮಾಡುವವರು, ಹೀಗೆ ಬೇರೆಯವರು ಮಾಡಿಟ್ಟ ಪರದೆಯ ಮೂಲಕ ಮಾತ್ರ ಡೇಟಾಬೇಸ್ ಮುಟ್ಟುವವರು. ಇದನ್ನು ‘ಮುಗ್ಧ ಬಳಕೆದಾರ’ ಎಂದರೆ ಅವಮಾನ ಮಾಡಿದ ಹಾಗೆ. ಪಹಣಿಗೆ ಬರುವ ರೈತನಿಗೆ ತನ್ನ ಜಮೀನಿನ ವಿಷಯ ಪ್ರೋಗ್ರಾಮರ್‌ಗಿಂತ ಜಾಸ್ತಿ ಗೊತ್ತಿರುತ್ತದೆ, ಅಲ್ವಾ? ಸುಮ್ನೆ ‘ಸಾಮಾನ್ಯ ಬಳಕೆದಾರ’ ಅನ್ನಬಹುದು.

ಎರಡನೆಯದು ಇನ್ನೂ ಮುಖ್ಯ. ಡೇಟಾಬೇಸ್ ‘ಯೂಸರ್’ ಅನ್ನುವುದು ಎಷ್ಟೋ ಸಲ ಮನುಷ್ಯನೇ ಅಲ್ಲ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಹೆಸರು ಮತ್ತು ಯಾವ ಕಂಪ್ಯೂಟರಿನಿಂದ ಬಂದದ್ದು, ಎರಡೂ ಸೇರಿ ಒಬ್ಬ ಯೂಸರ್. ಒಂದೇ ಹೆಸರು ಎರಡು ಕಡೆಯಿಂದ ಬಂದರೆ ಬೇರೆ ಬೇರೆ ಪಾಸ್‌ವರ್ಡ್, ಬೇರೆ ಬೇರೆ ಅನುಮತಿ ಇರಬಹುದು. ಇನ್ನೊಂದು ಕಡೆ ಸಾವಿರಾರು ಜನ ಒಂದು ಜಾಲತಾಣ ಬಳಸುತ್ತಿದ್ದರೂ ಅದರ ಪ್ರೋಗ್ರಾಂ ಒಂದೇ ಯೂಸರ್ ಹೆಸರಲ್ಲಿ ಡೇಟಾಬೇಸ್‌ಗೆ ಹೋಗುತ್ತಿರುತ್ತದೆ. ಮನುಷ್ಯನಿಗೆ ‘ಬಳಕೆದಾರ’, ಡೇಟಾಬೇಸ್‌ನೊಳಗಿನ ಹೆಸರಿಗೆ ‘ಖಾತೆ’ ಎಂದು ಬೇರೆ ಮಾಡಿಬಿಡೋಣ ಅಂತ ನನ್ನ ಸಲಹೆ.

ಇನ್ನು ರೋಲ್. ‘ಡಿಬಿಎ ಪಾತ್ರ’ ಎಂದು ಶೀರ್ಷಿಕೆ ಕೊಡುವಾಗ ಪಾತ್ರ ಸರಿಯೇ. ಆದರೆ ಡೇಟಾಬೇಸ್‌ನ ರೋಲ್ ಅಂದರೆ ಒಂದಷ್ಟು ಅನುಮತಿಗಳನ್ನು ಒಟ್ಟುಮಾಡಿ ಕೊಟ್ಟ ಹೆಸರು. ಇದಕ್ಕೆ ‘ಹುದ್ದೆ’ ಅನ್ನಬಹುದೇ? ತಹಶೀಲ್ದಾರರು ವರ್ಗವಾದರೂ ಅಧಿಕಾರ ಹುದ್ದೆಗೇ ಅಂಟಿಕೊಂಡಿರುತ್ತದೆ, ಹೊಸಬರು ಬಂದು ಚಾರ್ಜ್ ತಗೊಂಡರೆ ಸಾಕು. ರೋಲ್ ಕೆಲಸ ಮಾಡುವುದೂ ಹೀಗೇ. ಮೈಎಸ್‌ಕ್ಯೂಎಲ್‌ಗೆ ರೋಲ್ ಬಂದದ್ದು 2018ರ 8.0 ಆವೃತ್ತಿಯಲ್ಲಿ, ಅಲ್ಲಿ ಈ ಪದ ಸಲೀಸಾಗಿ ಕೂರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶದಲ್ಲಿ ಕಷ್ಟ. 2005ರ 8.1 ಆವೃತ್ತಿಯಿಂದ ಅವರು ಯೂಸರ್ ಮತ್ತು ಗ್ರೂಪ್ ಎರಡನ್ನೂ ರೋಲ್ ಅನ್ನುವುದರೊಳಗೇ ಸೇರಿಸಿಬಿಟ್ಟರು, ಲಾಗಿನ್ ಆಗಬಲ್ಲ ರೋಲ್ ಅಂದರೇ ಯೂಸರ್. ಲಾಗಿನ್ ಆಗುವ ಹುದ್ದೆ ಅನ್ನುವುದು ಕಿವಿಗೆ ಹಿತವಾಗಿಲ್ಲ.

ಪ್ರಿವಿಲೇಜ್‌ಗೆ, ಅಂದರೆ ನೋಡಲು, ತಿದ್ದಲು ಒಂದು ಖಾತೆಗೆ ಕೊಡುವ ಅವಕಾಶಕ್ಕೆ, ‘ಹಕ್ಕು’ ಬೇಡ ಅಂತ ನನ್ನ ಅನಿಸಿಕೆ. ‘ಗ್ರಾಂಟ್’ ಆದೇಶದಿಂದ ಕೊಟ್ಟವರು ‘ರಿವೋಕ್’ ಆದೇಶದಿಂದ ವಾಪಸ್ ತಗೋಬಹುದಾದದ್ದು ಹಕ್ಕು ಹೇಗಾಗುತ್ತದೆ? ‘ಅನುಮತಿ’ ಸಾಕು. ಆದರೆ ಪಡೆದ ಅನುಮತಿಯನ್ನು ಇನ್ನೊಬ್ಬರಿಗೆ ದಾಟಿಸುವ ಅನುಮತಿಯೂ ಒಂದಿದೆ, ‘ವಿತ್ ಗ್ರಾಂಟ್ ಆಪ್ಷನ್’. ಅದಕ್ಕೆ ಚಿಕ್ಕದೊಂದು ಪದ ಹೊಳೆದಿಲ್ಲ. ಕಂದಾಯ, ಬ್ಯಾಂಕು, ಸಹಕಾರ ಸಂಘಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ, ಕೊಟ್ಟ ಅಧಿಕಾರವನ್ನು ಕೆಳಗಿನವರಿಗೆ ವಹಿಸುವುದಕ್ಕೆ ನಿಮ್ಮ ಕಚೇರಿಯ ಮಾತಿನಲ್ಲಿ ಏನನ್ನುತ್ತಿದ್ದರು? ಪೋಸ್ಟ್‌ಗ್ರೆಸ್ ರೋಲ್‌ಗೂ ಹೊಂದುವ ಪದ ಇದ್ದರೆ ಅದನ್ನೂ ತಿಳಿಸಿ.