ಸಹಾಯ ಬೇಕು: ಏಲಕ್ಕಿ ಬಾಳೆ ಒಂದೊಂದೇ ಒಣಗುತ್ತಿದೆ
ನಮಸ್ಕಾರ. ಹಿರಿಯೂರು ಹತ್ತಿರ ಒಂದೂವರೆ ಎಕರೆ ಏಲಕ್ಕಿ ಬಾಳೆ ಇದೆ, 7 ತಿಂಗಳ ಗಿಡ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ದಂಟು ಮುರಿದು ಜೋತು ಬೀಳುತ್ತಿವೆ. ಬುಡದಲ್ಲಿ ದಿಂಡು ಸೀಳಿದೆ. ನೀರು ಸಾಲದೇನೋ ಅಂತ ಸುಮ್ನೆ ಜಾಸ್ತಿ ಬಿಟ್ಟೆ. ನಿನ್ನೆ ಒಂದನ್ನು ಕಿತ್ತು ಗೆಡ್ಡೆ ಕೊಯ್ದು ನೋಡಿದರೆ ಒಳಗೆಲ್ಲ ಕೆಂಪು ಚುಕ್ಕಿ, ಗೆರೆ. ಇದು ಪನಾಮಾ ಸೊರಗು ರೋಗವೇ ಅಲ್ವಾ? 11 ಗಿಡಕ್ಕೆ ಬಂದಿದೆ.

ನೆಡಲು ಕಂದು ತಂದಿದ್ದು ಪಕ್ಕದೂರಿನ ಹಳೇ ತೋಟದಿಂದ. ಅಗ್ಗಕ್ಕೆ ಸಿಕ್ಕಿತ್ತು!

ಈ ರೋಗ ತರುವ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗಿಡ ಕಿತ್ತು ಸುಟ್ಟು, ಗುಂಡಿಗೆ ಸುಣ್ಣ ಹಾಕಿದರೆ ಸಾಕಾ? ಸುತ್ತಲಿನ ಗಿಡಗಳಿಗೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಹಾಕಿ ಯಾರಿಗಾದರೂ ರೋಗ ನಿಂತಿದೆಯಾ? ನನ್ನ ತಮ್ಮ ಏಲಕ್ಕಿ ಬದಲು ಜಿ-9 ತಳಿಯ ಬಾಳೆ ಹಾಕೋಣ ಅಂತಾನೆ, ನನಗೆ ಏಲಕ್ಕಿ ಬಿಡಲು ಮನಸ್ಸಿಲ್ಲ. ಸೋಮವಾರ ಬಬ್ಬೂರು ಫಾರಂಗೆ (ಕೃಷಿ ಸಂಶೋಧನಾ ಕೇಂದ್ರ) ತೋರಿಸಲು ಗೆಡ್ಡೆ ಒಯ್ಯುತ್ತೇನೆ. ಅಲ್ಲಿವರೆಗೆ ನೀರು ನಿಲ್ಲಿಸಲಾ? ಅನುಭವ ಇರುವವರು ಹೇಳಿ.