ಕೃತಕ ಕೀಲಿನ ಬಳಿ ಎಲುಬು ಮುರಿದರೆ ಅದನ್ನು ಏನೆನ್ನಬೇಕು?

ಪ್ರಶ್ನೆ (ಉಡುಪಿಯಿಂದ): ಕೀಲು ಬದಲಿಸಿಕೊಂಡವರು ಮನೆಗೆ ಹೊರಡುವಾಗ ಕೊಡುವ ಕರಪತ್ರದ ಕನ್ನಡ ತಿದ್ದಬೇಕಾಗಿದೆ. 'ಪೆರಿಪ್ರಾಸ್ಥೆಟಿಕ್ ಫ್ರ್ಯಾಕ್ಚರ್' ಎಂಬುದನ್ನು ಒಂದು ಕರಡಿನಲ್ಲಿ 'ಕೃತಕ ಕೀಲು ಮುರಿತ' ಎಂದೂ ಇನ್ನೊಂದರಲ್ಲಿ 'ಪರಿಕೃತಕಾಂಗ ಅಸ್ಥಿಭಂಗ' ಎಂದೂ ಬರೆದಿದ್ದಾರೆ. ಯಾವುದನ್ನು ಇಟ್ಟುಕೊಳ್ಳಲಿ? 'ಸ್ಟೆಮ್', 'ಲೂಸ್', 'ಲೋ ಎನರ್ಜಿ ಫಾಲ್' ಇವಕ್ಕೂ ಪದ ಬೇಕು. 'ಹಿಪ್' ಎಂಬುದಕ್ಕೆ 'ಚಪ್ಪೆ' ಆದೀತೇ?

ಉತ್ತರ (ಮಂಗಳೂರಿನಿಂದ): ಮಾಷ್ಟ್ರೇ, ಮೊದಲನೆಯದು ಅರ್ಥದಲ್ಲೇ ತಪ್ಪು. ಇಲ್ಲಿ ಮುರಿಯುವುದು ಲೋಹವಲ್ಲ, ಅದನ್ನು ಹಿಡಿದುಕೊಂಡಿರುವ ಎಲುಬು. ಲೋಹವೇ ತುಂಡಾಗುವುದೂ ಉಂಟು, ಅದು ಅಪರೂಪ, ಅದರ ಕತೆಯೇ ಬೇರೆ. ಎರಡನೆಯದನ್ನು ಓದಿ ಮುಗಿಸುವಷ್ಟರಲ್ಲಿ ರೋಗಿ ಕುಂದಾಪುರ ದಾಟಿರುತ್ತಾರೆ. 'ಕೃತಕ ಕೀಲಿನ ಸುತ್ತಲಿನ ಎಲುಬು ಮುರಿತ' ಎಂದು ಬರೆಯಿರಿ. 'ಕೀಲಂಚಿನ ಮುರಿತ' ಎಂದು ಮೊಟಕು ಮಾಡಬೇಡಿ. ಸ್ಟೆಮ್ಮಿನ, ಎಂದರೆ ಕೃತಕ ಕೀಲಿನಿಂದ ತೊಡೆ ಎಲುಬಿನ ಒಳಗೆ ಇಳಿದಿರುವ ಲೋಹದ ಕಡ್ಡಿಯ, ತುದಿಗಿಂತ ಎಷ್ಟೋ ಕೆಳಗೆ ಮುರಿದದ್ದೂ ಇದೇ ಲೆಕ್ಕಕ್ಕೆ ಬರುತ್ತದೆ.

'ಲೂಸ್' ಎಂಬುದಕ್ಕೆ 'ಸಡಿಲ', ಅದರ ಎದುರಿಗೆ 'ಬಿಗಿ'. ಕರಪತ್ರದಲ್ಲಿ ಈ ಜೋಡಿ ಅದಲುಬದಲಾಗಕೂಡದು, ಏಕೆಂದರೆ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಹಿಪ್‌ನ ಕೃತಕ ಕೀಲಿನ ಸುತ್ತಲಿನ ಮುರಿತಗಳಿಗೆ ಎಲುಬಿನ ಡಾಕ್ಟರುಗಳಾದ ಡಂಕನ್ ಮತ್ತು ಮಸ್ರಿ 1995ರಲ್ಲಿ ಮಾಡಿದ ವ್ಯಾಂಕೂವರ್ ವಿಂಗಡಣೆಯಲ್ಲಿ ಸ್ಟೆಮ್ಮಿನ ಸುತ್ತ ಅಥವಾ ತುದಿಯಲ್ಲೇ ಆದ ಮುರಿತ 'ಬಿ'. ಸ್ಟೆಮ್ ಬಿಗಿಯಾಗಿದ್ದರೆ ಬಿ1: ಪ್ಲೇಟ್ ಇಟ್ಟು, ಸ್ಟೆಮ್ ಇರುವ ಕಡೆ ಕೇಬಲ್ ಸುತ್ತಿ, ಎಲುಬಿನ ಒಂದೇ ಬದಿಯ ಗೋಡೆ ಹಿಡಿಯುವ ಗಿಡ್ಡ ಸ್ಕ್ರೂ ಹಾಕುತ್ತಾರೆ. ಉದ್ದದ ಸ್ಕ್ರೂಗೆ ಒಳಗಿನ ಲೋಹ ಅಡ್ಡ. ತುದಿಯ ಕೆಳಗೆ ಎರಡೂ ಗೋಡೆ ದಾಟುವ ಸ್ಕ್ರೂ ಹೋಗುತ್ತದೆ. ಸಡಿಲವಾಗಿದ್ದು ಎಲುಬು ಗಟ್ಟಿ ಇದ್ದರೆ ಬಿ2: ಹಳೆಯದನ್ನು ತೆಗೆದು, ಮುರಿದ ಜಾಗವನ್ನು ಎಲುಬಿನ ಅಗಲದ ಎರಡರಷ್ಟಾದರೂ ದಾಟಿ ಇಳಿಯುವ ಉದ್ದ ಸ್ಟೆಮ್ ಹಾಕಬೇಕು. ಸಡಿಲವೂ ಹೌದು, ಎಲುಬೂ ಹೋಗಿದೆ ಎಂದರೆ ಬಿ3, ಅದು ದೊಡ್ಡ ಕೆಲಸ. ಬಿ2ವನ್ನು ಬಿ1 ಎಂದು ಓದಿ ಬರೀ ಪ್ಲೇಟ್ ಹಾಕಿದರೆ ಒಳಗೆ ಸ್ಟೆಮ್ ಅಲುಗುತ್ತಲೇ ಇದ್ದು ಪ್ಲೇಟ್ ಮುರಿಯುತ್ತದೆ, ಇಲ್ಲವೇ ಸ್ಕ್ರೂ ಕಿತ್ತು ಬರುತ್ತದೆ. ಹಳೇ ಎಕ್ಸ್‌ರೇಗೆ ಹೋಲಿಸಿದಾಗ ಸ್ಟೆಮ್ ಕುಸಿದಿದ್ದರೆ, ಸುತ್ತ ಕಪ್ಪು ಗೆರೆ ಕಂಡರೆ ಸಡಿಲವೆಂಬ ಸಂಶಯ. ಮೊದಲಿನಿಂದ ಇದ್ದ ತೊಡೆನೋವೂ ಅದಕ್ಕೇ ಸೂಚನೆ. ಹಾಗಾಗಿ 'ಬೀಳುವ ಮೊದಲೇ, ಎದ್ದು ಹೆಜ್ಜೆ ಇಡುವಾಗ ತೊಡೆ ನೋಯುತ್ತಿತ್ತೇ?' ಎಂಬ ಸಾಲು ಕರಪತ್ರದಲ್ಲಿ ಇರಲಿ.

'ಸ್ಟೆಮ್' ಹಾಗೆಯೇ ಇರಲಿ. 'ಕಾಂಡ' ಎಂದರೆ ಪತ್ರಿಕೆಗಳಲ್ಲಿ ಬರುವ ಕಾಂಡಕೋಶ (ಸ್ಟೆಮ್ ಸೆಲ್) ನೆನಪಾಗುತ್ತದೆ. 'ರಾಡ್' ಅಂತೂ ಬೇಡವೇ ಬೇಡ. ನಮ್ಮ ಕಡೆ ಒಳಗಿನ ಲೋಹವೆಲ್ಲ ರಾಡ್. ಮನೆಯವರು ಕ್ಯಾಶುವಾಲ್ಟಿಯಲ್ಲಿ 'ರಾಡ್ ಉಂಟು' ಎಂದರೆ ಹಿಂದಿನ ಮುರಿತಕ್ಕೆ ಎಲುಬಿನೊಳಗೆ ಉದ್ದಕ್ಕೆ ತೂರಿಸಿದ ಸರಳು, ಅಂದರೆ ನೇಲ್, ಎಂದು ತಿಳಿಯುವುದು ಸಹಜ. ಅದರ ಬದಲು ಆಪರೇಷನ್ ಫೈಲಿನಲ್ಲಿ ಅಂಟಿಸಿದ ಕೃತಕ ಕೀಲಿನ ಸ್ಟಿಕ್ಕರಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಲು ಹೇಳಿ. ಕಂಪೆನಿ, ಮಾದರಿ, ಅಳತೆ ಅದರಲ್ಲಿರುತ್ತದೆ. ಮೊಣಗಂಟಿನ ಕೃತಕ ಕೀಲಿನ ಮೇಲೆ ಮುರಿದಾಗಲೂ ಅದು ಬೇಕು: ಕೆಲವು ಮಾದರಿಗಳಲ್ಲಿ ನಡುವೆ ತೆರವಿರುತ್ತದೆ, ಕೆಳಗಿನಿಂದ ನೇಲ್ ತೂರಿಸಬಹುದು, ಮುಚ್ಚಿದ್ದರಲ್ಲಿ ಆಗದು.

ಇನ್ನು ಚಪ್ಪೆ. ಮಂಗಳೂರಲ್ಲಿ ಉಪ್ಪಿಲ್ಲದ ಸಾರು ಚಪ್ಪೆ, ಮಾರಾಯ್ರೇ! 'ಸೊಂಟದ ಕೀಲು' ಎಂದರೆ ಇಲ್ಲಿಯವರು ಬೆನ್ನಿನ ಕೆಳಗೆ ಕೈ ಇಡುತ್ತಾರೆ. 'ತೊಡೆಬುಡದ ಕೀಲು' ಎಂದರೆ ಕೈ ಸರಿಯಾದ ಜಾಗಕ್ಕೆ ಹೋಗುತ್ತದೆ.

'ಲೋ ಎನರ್ಜಿ ಫಾಲ್' ಎಂಬುದನ್ನು 'ಕಡಿಮೆ ಶಕ್ತಿಯ ಪತನ' ಎಂದು ಯಾರೂ ಬರೆಯದಿರಲಿ. 'ನಿಂತಲ್ಲೇ ಜಾರಿ ಬಿದ್ದದ್ದು'. ಆಟಿಯ ಮಳೆಗೆ ಪಾಚಿ ಹಿಡಿದ ಅಂಗಳ, ಬಚ್ಚಲಿನ ಒದ್ದೆ ನೆಲ ಎಂದು ಹೆಸರಿಸಿಯೇ ಹೇಳಿ. ಬಿದ್ದ ಮೇಲೆ ಕಾಲೂರಿ ನೋಡುವುದು, ಎಣ್ಣೆ ತಿಕ್ಕಿಸುವುದು ಬೇಡ. ಕಾಲು ಅಲುಗದಂತೆ ದಿಂಬು ಕೊಟ್ಟು ಮಲಗಿಸಿಯೇ ಕರೆತರಲಿ. ಎಕ್ಸ್‌ರೇ ತೊಡೆಬುಡದಿಂದ ಮೊಣಗಂಟಿನವರೆಗೆ, ಎದುರಿನಿಂದ ಒಂದು, ಬದಿಯಿಂದ ಒಂದು. ತೊಡೆಬುಡದಲ್ಲೂ ಮೊಣಗಂಟಿನಲ್ಲೂ ಕೃತಕ ಕೀಲಿದ್ದು ನಡುವೆ ಮುರಿದಿದ್ದರೆ ಅರ್ಧ ತೊಡೆಯ ಚಿತ್ರದಲ್ಲಿ ತಪ್ಪಿಹೋದೀತು.

ಕರಡಿನಲ್ಲಿ 'ಎಲುಬು ಸವೆತ' ಇದ್ದರೆ ಅದನ್ನೂ ನೋಡಿ. ಜನ ಅದನ್ನು ಕೀಲಿನ ಮೃದ್ವಸ್ಥಿ ಸವೆದದ್ದಕ್ಕೆ ಹೇಳುತ್ತಾರೆ. ಈ ಮುರಿತಕ್ಕೆ ದಾರಿ ಮಾಡುವ ಆಸ್ಟಿಯೋಪೊರೋಸಿಸ್ ಬೇರೆ. ಅದಕ್ಕೆ 'ಎಲುಬು ಟೊಳ್ಳಾಗುವುದು' ಎಂದು ಬರೆದರೆ ಗೊಂದಲವಿರದು.